ನನ್ನನ್ನು ಕೇಳದೆ ಹೊರಟ ಹಡಗು

ಪೋರ್ಟ್ ವಿಲಾ, ವನುವಾಟು
ಜೂನ್ ೧೪, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಜನೆಲ್ ಮರಿಗೆ,

ಈ ಪೆಸಿಫಿಕ್ ಸಾಗರದಲ್ಲಿ ನಿನ್ನ ಕ್ಲೆಮ್ ಮಾವನನ್ನು ಒಂದು ಮಾತು ಕೇಳದೆ ಯಾವ ಹಡಗೂ ಹಗ್ಗ ಬಿಚ್ಚುವುದಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಕ್ಯಾಪ್ಟನ್‌ಗಳು ನನ್ನ ಮುಖ ನೋಡಿ ಹವಾಮಾನ ತಿಳಿದುಕೊಳ್ಳುತ್ತಾರೆ. ಅದಿರಲಿ. ನೀನು ಹೇಗಿದ್ದೀಯಾ? ಸೊಂಟ ನೋವು ಇಳಿಯಿತೇ? ಆಸ್ಪತ್ರೆಯಲ್ಲಿ ರೋಗಿಗಳನ್ನು ಒಬ್ಬಳೇ ಎತ್ತಬೇಡ ಎಂದು ಎಷ್ಟು ಸಲ ಹೇಳಿದ್ದೇನೆ, ನೀನು ಕೇಳುವವಳಲ್ಲ. ನನ್ನ ನಾಯಿ ನಿನ್ನ ಸೋಫಾದ ಮೇಲೆ ಮಲಗುತ್ತಿದ್ದರೆ ಓಡಿಸಬೇಡ, ಅದಕ್ಕೆ ನನ್ನ ಮನೆಯಲ್ಲಿ ಅದೇ ಅಭ್ಯಾಸ. ಬ್ರಿಸ್ಬೇನ್‌ನಲ್ಲಿ ಚಳಿ ಶುರುವಾಗಿರಬೇಕು, ಮಕ್ಕಳ ಕಿವಿ ಮುಚ್ಚಿ ಶಾಲೆಗೆ ಕಳಿಸು.

ಮೊದಲು ನಿನ್ನ ಅಮ್ಮನ ಸುದ್ದಿ, ಯಾಕೆಂದರೆ ನೀನು ಉಳಿದದ್ದನ್ನೆಲ್ಲ ಹಾರಿಸಿ ಅದನ್ನೇ ಹುಡುಕುತ್ತೀಯಾ. ಎಲ್ವಾ ಅಕ್ಕ ಚೆನ್ನಾಗಿದ್ದಾಳೆ. ಈಗ ನನ್ನ ಎದುರಿಗೇ ಹಲಸಿನ ಜಾತಿಯ ಒಂದು ದೊಡ್ಡ ಮರದ ಕೆಳಗೆ ಕೂತು ಲೇವಿಯಾಳ ಜೊತೆ ಕಾಯಿ ತುರಿಯುತ್ತಿದ್ದಾಳೆ. ಲೇವಿಯಾ ಯಾರು ಎಂದು ಮುಂದೆ ಹೇಳುತ್ತೇನೆ. ಅಕ್ಕ ತುರಿಯುವುದು ನಿಲ್ಲಿಸಿ ಉಸಿರು ತೆಗೆದುಕೊಂಡಾಗಲೆಲ್ಲ ನನ್ನ ಪೆನ್ನೂ ನಿಲ್ಲುತ್ತದೆ. ಅವಳು ಮತ್ತೆ ತುರಿಯತೊಡಗಿದ ಮೇಲೆ ನಾನು ಮತ್ತೆ ಬರೆಯುತ್ತೇನೆ. ಆದ್ದರಿಂದ ಅಕ್ಷರ ಅಲ್ಲಲ್ಲಿ ಕುಣಿದಿದ್ದರೆ ಕ್ಷಮಿಸು. ನಾನು ನಮ್ಮ ಹಳ್ಳಿ ಕನಮುಲ್ಲದ ಒಂದೇ ಕೋಣೆಯ ಶಾಲೆಯಲ್ಲಿ ಓದಿದವನು, ಅಲ್ಲಿ ಅಕ್ಷರಕ್ಕಿಂತ ಕುರಿಯ ಉಣ್ಣೆ ಚೆನ್ನಾಗಿ ಕತ್ತರಿಸಲು ಕಲಿಸಿದರು.

ಬುಧವಾರ ಸಂಜೆ ಫೋನಿನಲ್ಲಿ ಹಡಗು ತಪ್ಪಿತು ಎಂದಷ್ಟೇ ಹೇಳಿದೆ. ನಿನ್ನೆ ಬೆಳಿಗ್ಗೆ ಮತ್ತೆ ಮಾಡಿ ಅಮ್ಮನ ಎದೆಯ ಮಾತ್ರೆಯ ಹೆಸರು ಕೇಳಿದೆ. ನೀನು ಎರಡು ಸಲವೂ "ಹೇಗಾಯ್ತು ಮಾವ? ಹೇಗಾಯ್ತು ಹೇಳು!" ಎಂದು ಕೂಗಿದೆ. ಲೈನ್ ಕಟ್ಟಾಗುತ್ತಿದೆ ಎಂದೆ. ಲೈನ್ ಕಟ್ಟಾಗುತ್ತಿರಲಿಲ್ಲ, ನಾನು ಚಿಪ್ಸ್ ಪೊಟ್ಟಣವನ್ನು ಫೋನಿನ ಬಾಯಿಗೆ ಹಿಡಿದು ಹಿಚುಕುತ್ತಿದ್ದೆ. ಫೋನಿನಲ್ಲಿ ಹೇಳಿದರೆ ನಾನು ಅರ್ಧಕ್ಕೆ ಬರುವಷ್ಟರಲ್ಲಿ ನೀನು ಅಳುತ್ತೀಯಾ, ಕಾಗದದಲ್ಲಾದರೆ ಕೊನೆಯವರೆಗೂ ಓದಲೇಬೇಕು. ಇಂದು ಮಧ್ಯಾಹ್ನದ ವಿಮಾನಕ್ಕೆ ನಿಮ್ಮ ಬಡಾವಣೆಯ ಕಡೆಯ ಗಂಡಹೆಂಡತಿ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತಿದ್ದೇನೆ. ನಾವು ಸೋಮವಾರದ ವಿಮಾನಕ್ಕೆ ಬರುತ್ತೇವೆ, ಡಾಕ್ಟರ್ ಒಪ್ಪಿದರೆ.

ಹೊರಡುವ ದಿನ ಬಂದರಿನಲ್ಲಿ ನೀನು ನನ್ನ ಅಂಗಿಯ ಗುಂಡಿ ಹಿಡಿದು ಹೇಳಿದ್ದು ಮರೆತಿಲ್ಲ. "ಅಪ್ಪ ಹೋದ ಮೇಲೆ ಅಮ್ಮ ಮನೆ ಬಿಟ್ಟು ಹೊರಗೆ ಬರ್ತಿರೋದು ಇದೇ ಮೊದಲು. ಅವಳಿಗೇನಾದ್ರೂ ಆದ್ರೆ ನಿನ್ನ ಮುಖ ನೋಡಲ್ಲ ಮಾವ." ನಾನು ನಕ್ಕೆ. ಹತ್ತೊಂಬತ್ತು ಸಲ ವಿಹಾರದ ಹಡಗು ಹತ್ತಿದವನಿಗೆ ಇದೆಲ್ಲ ಹೇಳಬೇಕೇ ಎಂದೆ. ಮೊದಲೆರಡು ದಿನ ಅಕ್ಕ ಕ್ಯಾಬಿನ್ ಬಿಟ್ಟು ಕದಲಲಿಲ್ಲ. "ಈ ಡಬ್ಬಿಯಲ್ಲಿ ಉಸಿರುಗಟ್ಟತ್ತೆ ಕಣೋ, ಆಚೆ ಹೋದ್ರೆ ತಲೆ ತಿರುಗತ್ತೆ" ಎನ್ನುವಳು. ನಾನು ನನ್ನ ವಿದ್ಯೆಯನ್ನೆಲ್ಲ ಹೊರತೆಗೆದೆ. ಹಸಿ ಸೇಬು ತಿನ್ನಿಸಿದೆ, ಶುಂಠಿ ಬಿಸ್ಕತ್ತು ಕೊಟ್ಟೆ, ಹಡಗಿನ ಹೊಟ್ಟೆಯ ಮಧ್ಯಭಾಗಕ್ಕೆ ಕರೆದೊಯ್ದು ಕೂರಿಸಿದೆ, ಯಾಕೆಂದರೆ ಹಡಗೆಂಬ ತೊಟ್ಟಿಲು ಅಲ್ಲಿ ಕಡಿಮೆ ತೂಗಾಡುತ್ತದೆ. ಗೋಡೆಗಳೆಲ್ಲ ಕಬ್ಬಿಣವಾದ್ದರಿಂದ ಅಯಸ್ಕಾಂತದ ಕೊಕ್ಕೆ ಅಂಟಿಸಿ ಅವಳ ಶಾಲು, ಟೋಪಿ ತೂಗುಹಾಕಿದೆ. ಇದು ಹೊಸಬರಿಗೆ ತಿಳಿಯದ ವಿದ್ಯೆ, ಬರೆದಿಟ್ಟುಕೋ. ಊಟದ ಸಾಲಿನಲ್ಲಿ ಬಾಗಿಲ ಬಳಿಯ ಬ್ರೆಡ್ಡು, ಪಾಸ್ತಾಕ್ಕೆ ಮರುಳಾಗಬೇಡ, ಹೊಟ್ಟೆ ತುಂಬಿಸಲೆಂದೇ ಅಲ್ಲಿಟ್ಟಿರುತ್ತಾರೆ. ಸೀಗಡಿ ಒಳಗಡೆ ಇರುತ್ತದೆ. ಈಜುಕೊಳದ ಕುರ್ಚಿಗೆ ಮುಂಜಾನೆಯೇ ಟವೆಲ್ ಹಾಸಿ ಹೋಗುವವರನ್ನು ಕಂಡರೆ ಆ ಟವೆಲನ್ನು ಪಕ್ಕದ ಕುರ್ಚಿಗೆ ಬದಲಾಯಿಸಿ, ದೂರದಿಂದ ಜಗಳ ನೋಡು. ಅದಕ್ಕಿಂತ ಒಳ್ಳೆಯ ಮನರಂಜನೆ ಹಡಗಿನ ನಾಟಕಶಾಲೆಯಲ್ಲೂ ಇಲ್ಲ.

ಪುಟ್ಟ ರಬ್ಬರ್ ಬಾತುಕೋಳಿಗಳೇ ನಿನ್ನ ಅಮ್ಮನನ್ನು ಕ್ಯಾಬಿನ್ನಿನಿಂದ ಎಳೆದು ತಂದದ್ದು. ಪದೇ ಪದೇ ಹಡಗು ಹತ್ತುವ ನಾವು ಹಳೆಯ ಹಡಗಿಗರು ಆಟಕ್ಕೆಂದು ಅವನ್ನು ಮೆಟ್ಟಿಲ ಸಂದಿಯಲ್ಲೋ ಹೂಕುಂಡದಲ್ಲೋ ಬಚ್ಚಿಡುತ್ತೇವೆ, ಸಿಕ್ಕವರಿಗೆ ಸಿಕ್ಕಿತು. ಅಕ್ಕನಿಗೆ ಒಂದು ಸಿಕ್ಕಿತು. ಮರುದಿನದಿಂದ ನನಗಿಂತ ಮೊದಲು ಎದ್ದು "ಬಾರೋ ಸೋಮಾರಿ, ಕೋಳಿ ಹುಡುಕೋಣ" ಎಂದು ಹೊದಿಕೆ ಎಳೆಯತೊಡಗಿದಳು. ಅವಳ ದನಿಯಲ್ಲಿ ಆ ಹಳೇ ಗತ್ತು ಕೇಳಿ ಎಷ್ಟು ಕಾಲವಾಗಿತ್ತು ಎಂದು ಆಗ ಹೊಳೆಯಿತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಹಡಗಿಗರಿಗೆ ಒಂದು ಕೆಟ್ಟ ಚಟವಿದೆ. ಹಡಗು ಹೊರಡುವ ಹೊತ್ತಿಗೆ ಎಲ್ಲರೂ ಮೇಲಿನ ಕಟಕಟೆಗೆ ಒರಗಿ, ಕೈಯಲ್ಲಿ ಬಿಯರ್ ಹಿಡಿದು, ತಡವಾಗಿ ಬಂದವರು ಬಂದರಿನ ಧಕ್ಕೆ ಕಟ್ಟೆಯ ಮೇಲೆ ಓಡಿ ಬರುವುದನ್ನು ನೋಡಿ ಚಪ್ಪಾಳೆ ತಟ್ಟುತ್ತೇವೆ. ಆ ಗುಂಪಿಗೆ ನಾನೇ ಮುಂದಾಳು. "ಚಪ್ಪಲಿ ಬಿಡು, ಹೆಂಡತೀನೂ ಬಿಡು, ಓಡೋ!" ಎಂದು ನಾನು ಕೂಗಿದರೆ ಪಕ್ಕದ ಡಗ್ ಪ್ರಾಥರ್ ಬಿದ್ದು ಬಿದ್ದು ನಗುತ್ತಾನೆ. ಡಗ್ ನನ್ನ ಹಳೇ ಹಡಗಿನ ಗೆಳೆಯ, ರಸಪ್ರಶ್ನೆಯಲ್ಲಿ ನನ್ನ ಶತ್ರು. ಹೀಗೆ ಹಡಗು ತಪ್ಪಿಸಿಕೊಳ್ಳುವವರೆಲ್ಲ ದಡ್ಡರು ಎಂದು ಹೊಸಬರಿಗೆಲ್ಲ ಪಾಠ ಹೇಳಿದ್ದೇನೆ. ನನ್ನ ಪಾಠ ಒಂದೇ: ನೆಲದ ಗಡಿಯಾರ ನಂಬಬೇಡ, ಹಡಗಿನ ಗಡಿಯಾರ ನಂಬು. ಬ್ರಿಸ್ಬೇನಿಗಿಂತ ವಿಲಾದ ಗಡಿಯಾರ ಒಂದು ಗಂಟೆ ಮುಂದೆ, ಆದರೆ ನನ್ನ ಹಿಂದಿನ ಪಯಣಗಳಲ್ಲೆಲ್ಲ ಹಡಗು ಬ್ರಿಸ್ಬೇನಿನ ಹೊತ್ತಿಗೇ ನಡೆದಿತ್ತು. ಈ ಸಲ ವಿಲಾ ತಲುಪುವ ಹಿಂದಿನ ಸಂಜೆಯೇ ಗಡಿಯಾರಗಳನ್ನು ಮುಂದಕ್ಕೆ ತಿರುಗಿಸಿ ಎಂದು ಧ್ವನಿವರ್ಧಕದಲ್ಲಿ ಹೇಳಿದರಂತೆ. ದಿನವೂ ಬಾಗಿಲಿಗೆ ಸಿಕ್ಕಿಸುವ ಸುದ್ದಿ ಹಾಳೆಯಲ್ಲೂ ದಪ್ಪಕ್ಷರದಲ್ಲಿ ಹಾಕಿದ್ದರಂತೆ. ಹೊಸಬರು ಓದುವ ಹಾಳೆ ಎಂದು ನಾನು ಅದರಲ್ಲಿ ಸೇಬಿನ ಸಿಪ್ಪೆ ಸುತ್ತಿ ಬಿಸಾಕಿದೆ. ಧ್ವನಿವರ್ಧಕ ಮಾತಾಡುವಾಗ ನಾನು ಜೂಜಿನ ಯಂತ್ರಗಳ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಅಲ್ಲಿ ಗಂಟೆ, ಶಿಳ್ಳೆ, ಸಂಗೀತದ ಗದ್ದಲದಲ್ಲಿ ಆಕಾಶ ಬಿದ್ದರೂ ಕೇಳಿಸದು. ನನ್ನ ಕೈಗಡಿಯಾರ ಬ್ರಿಸ್ಬೇನಿನ ಹೊತ್ತಿನಲ್ಲೇ ಉಳಿಯಿತು. ಸುಮ್ಮನೆ ಇಪ್ಪತ್ತು ಡಾಲರ್ ಹೋಯಿತು, ಅಷ್ಟೇ.

ಬುಧವಾರ ಬೆಳಿಗ್ಗೆ ಹಡಗಿನಿಂದ ಇಳಿಯುವಾಗ ಅಕ್ಕನ ಕೈಚೀಲ ಭಾರವೆಂದು ಮಾತ್ರೆಯ ಡಬ್ಬಿಯನ್ನು ನಾನೇ ತೆಗೆದು ಮೇಜಿನ ಮೇಲಿಟ್ಟೆ. "ಸಂಜೆ ಹೊತ್ತಿಗೆ ಬಂದ್ಬಿಡ್ತೀವಿ, ಔಷಧಿ ಅಂಗಡಿ ಹೊತ್ಕೊಂಡು ತಿರುಗ್ತೀಯಾ?" ಎಂದೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೂ ಬರೆದೆ.

ಲೇವಿಯಾ ಬಂದರಿನ ಬಳಿ ಬಸ್ಸು ಓಡಿಸುವ ಹೆಂಗಸು, ನಿನ್ನ ವಯಸ್ಸಿನವಳು. ನಮ್ಮನ್ನು ಜಲಪಾತಕ್ಕೂ ಸಂತೆಗೂ ಕರೆದೊಯ್ದಳು. ಸಂತೆಯ ಗೋಡೆಯ ಗಡಿಯಾರ ನೋಡಿ ಅಕ್ಕ ನನ್ನ ತೋಳು ಜಗ್ಗಿದಳು: "ಕ್ಲೆಮ್, ಆ ಗಡಿಯಾರ ನೋಡೋ. ಹೊತ್ತಾಯ್ತಲ್ವಾ?" ನಾನು ನಕ್ಕು "ಅದು ನೆಲದ ಗಡಿಯಾರ ಅಕ್ಕಾ, ನಾವು ಸಮುದ್ರದವರು" ಎಂದೆ. ಲೇವಿಯಾ ಸಹ "ಅಣ್ಣಾ, ನಿಮ್ಮ ಹಡಗಿನ ಜನ ಎಲ್ಲಾ ವಾಪಸ್ ಹೋದ್ರಲ್ಲ" ಎಂದಳು. "ಅವರು ಹೊಸಬರು ತಂಗೀ" ಎಂದೆ. ಇನ್ನೊಂದು ಎಳನೀರು ಕೊಚ್ಚಿಸಿದೆ. ಅದನ್ನು ಬಾಯಿಗಿಡುವಾಗಲೇ ಹಡಗು ಕೂಗಿತು. ಜನೆಲ್, ಆ ಕೂಗನ್ನು ನಾನು ಯಾವಾಗಲೂ ಮೇಲಿನಿಂದ ಕೇಳಿದ್ದವನು. ಕೆಳಗಿನಿಂದ ಕೇಳಿದರೆ ಅದು ಬೇರೆಯೇ ಕೂಗು.

ಲೇವಿಯಾ ಬಸ್ಸನ್ನು ಹೇಗೆ ಓಡಿಸಿದಳೋ ದೇವರೇ ಬಲ್ಲ. ಧಕ್ಕೆಯ ಗೇಟಿನೊಳಗೆ ಬಸ್ಸು ಬಿಡುವುದಿಲ್ಲ, ಅಲ್ಲಿಂದ ಹಡಗಿನ ಏಣಿಯವರೆಗೆ ಉದ್ದದ ದಾರಿ. ಅಕ್ಕನ ಸೊಂಟ ನಿನಗೆ ಗೊತ್ತು. ನಾಲ್ಕು ಹೆಜ್ಜೆ ಓಡಿ ನಿಂತಳು, ಎದೆಯ ಮೇಲೆ ಕೈ ಇಟ್ಟಳು. ಲೇವಿಯಾ ಗೇಟಿನ ಬಳಿ ಗೆಣಸು ಸಾಗಿಸುವ ತಳ್ಳುಗಾಡಿ ಹಿಡಿದು, "ಹತ್ತಿ ಅಜ್ಜೀ!" ಎಂದು ಕೂರಿಸಿ ತಳ್ಳಿದಳು. ಮುಂದೆ ನಾನು ಎರಡೂ ಕೈ ಬೀಸುತ್ತ, ಹಿಂದೆ ಗಾಡಿಯಲ್ಲಿ ನಿನ್ನ ಅಮ್ಮ. ಮೇಲಿನಿಂದ ಶುರುವಾಯಿತು ಚಪ್ಪಾಳೆ. "ಓಡೋ ಕ್ಲೆಮ್! ಪ್ಯಾಂಟ್ ಬಿಚ್ಚು, ಹಗುರ ಆಗ್ತೀಯಾ!" ಅದು ಡಗ್. ನನ್ನದೇ ಮಾತುಗಳನ್ನು ನನ್ನ ತಲೆಯ ಮೇಲೆ ಸುರಿಯುತ್ತಿದ್ದ. ಆಮೇಲೆ ಗಾಡಿ ಹತ್ತಿರವಾದಾಗ ಅಕ್ಕನ ಮುಖ ಕಾಣಿಸಿತೋ ಏನೋ, ಚಪ್ಪಾಳೆ ಒಂದೊಂದಾಗಿ ನಿಂತಿತು. ಡಗ್ ಬಿಯರ್ ಬಿಸಾಕಿ "ನಿಲ್ಲಿಸ್ರೋ! ಹಡಗು ನಿಲ್ಲಿಸ್ರೋ!" ಎಂದು ಕಿರುಚಿದ. ಅಷ್ಟರಲ್ಲಿ ಏಣಿ ಎಳೆದಾಗಿತ್ತು, ಹಗ್ಗ ಬಿಚ್ಚಿಯಾಗಿತ್ತು. ನಮಗೂ ಹಡಗಿಗೂ ನಡುವೆ ಒಂದು ಮೊಳ ನೀರು, ಆಮೇಲೆ ಒಂದು ಮಾರು, ಆಮೇಲೆ ಲೆಕ್ಕವಿಲ್ಲ. ನನ್ನನ್ನು ಕೇಳದೆ ಹೊರಟೇ ಹೋಯಿತು.

ಹೀಗೆ ಉಳಿದವರ ಕ್ಯಾಬಿನ್ನಿನ ತಿಜೋರಿಯನ್ನು ಹಡಗಿನವರು ತೆರೆದು ಪಾಸ್‌ಪೋರ್ಟುಗಳನ್ನು ಬಂದರಿನ ಏಜೆಂಟನಿಗೆ ಕೊಟ್ಟು ಹೋಗುವುದು ಪದ್ಧತಿ. ಆತ ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದ. ನಾನು ಕಿತ್ತುಕೊಂಡು ತಡಕಿದೆ. ಪಾಸ್‌ಪೋರ್ಟುಗಳಿದ್ದವು. ಮಾತ್ರೆ ಇರಲಿಲ್ಲ. ಅದು ತಿಜೋರಿಯಲ್ಲಲ್ಲ, ನಾನಿಟ್ಟ ಮೇಜಿನ ಮೇಲೆ ಕೂತು ಸಮುದ್ರ ದಾಟುತ್ತಿತ್ತು. ನಾನು ಹೋಟೆಲು ಎಂದೆ. ಲೇವಿಯಾ ಅಕ್ಕನ ಮಣಿಕಟ್ಟು ಹಿಡಿದು ನೋಡಿ, "ಇವರನ್ನ ಹೋಟ್ಲು ಕೋಣೆಯಲ್ಲಿ ಹಾಕಿ ನೀವು ಗೊರಕೆ ಹೊಡೀತೀರಾ? ನಮ್ಮನೆಗೆ ನಡೀರಿ" ಎಂದಳು. ಔಷಧಿ ಅಂಗಡಿ ಮುಚ್ಚಿತ್ತು. ಅಕ್ಕನ ಎದೆ ಹಕ್ಕಿ ಸಿಕ್ಕಿಕೊಂಡಂತೆ ಬಡಿದುಕೊಳ್ಳುತ್ತಿತ್ತು. ಲೇವಿಯಾಳ ತಾಯಿ ಒಂದು ಪಕ್ಕ, ನಾನು ಒಂದು ಪಕ್ಕ ಕೂತು ಬೆಳಗು ಮಾಡಿದೆವು. ನಿನ್ನೆ ಕ್ಲಿನಿಕ್ಕಿನಲ್ಲಿ ಮಾತ್ರೆಯ ಹೆಸರು ಕೇಳಿದಾಗ ನಾನು "ಬಿಳಿ, ಅರ್ಧ ಕತ್ತರಿಸಿದ್ದು" ಎಂದೆ. ಹತ್ತೊಂಬತ್ತು ಹಡಗುಗಳ ಹೆಸರು ಬಾಯಿಪಾಠವಿರುವವನಿಗೆ ಅಕ್ಕನ ಒಂದು ಮಾತ್ರೆಯ ಹೆಸರು ಗೊತ್ತಿರಲಿಲ್ಲ. ಆಗಲೇ ನಿನಗೆ ಎರಡನೇ ಸಲ ಫೋನ್ ಮಾಡಿದ್ದು. ಈಗ ಮಾತ್ರೆ ಸಿಕ್ಕಿದೆ, ಬಡಿತ ಹದಕ್ಕೆ ಬಂದಿದೆ, ಭಾನುವಾರ ಇನ್ನೊಮ್ಮೆ ನೋಡಿ ವಿಮಾನಕ್ಕೆ ಬಿಡುತ್ತೇನೆ ಎಂದಿದ್ದಾರೆ ಡಾಕ್ಟರ್. ಭಾನುವಾರ ಏನೆನ್ನುವರೋ ಎಂಬ ಭಯಕ್ಕೆ ರಾತ್ರಿ ಎದ್ದೆದ್ದು ಅವಳ ಉಸಿರು ಕೇಳಿಸಿಕೊಳ್ಳುತ್ತೇನೆ.

ಅಕ್ಕನಿಗೆ ಮಾತ್ರ ಭಯವಿಲ್ಲ. ಲೇವಿಯಾಳ ತಾಯಿಗೆ ಆ ಬಾತುಕೋಳಿ ಕೊಟ್ಟು, ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಗೆಣಸು ಎರಡು ಸಲ ಹಾಕಿಸಿಕೊಂಡಳು. "ಗಾಡೀಲಿ ಕೂತಾಗ ನಿನ್ನ ಭಾವ ಇದ್ದಿದ್ರೆ ನಕ್ಕು ನಕ್ಕು ಸಾಯ್ತಿದ್ರು" ಎಂದು ತಾನೇ ನಕ್ಕಳು. ಭಾವ ತೀರಿಕೊಂಡ ಮೇಲೆ ಅವರ ಹೆಸರೆತ್ತಿ ನಕ್ಕಿದ್ದು ಇದೇ ಮೊದಲು. ಮತ್ತೆ ಎದೆ ಹಿಡಿದುಕೊಂಡಳು, ನಾನು ಎದ್ದು ನಿಂತೆ, "ಕೂತ್ಕೊಳ್ಳೋ, ನಗು ಜಾಸ್ತಿಯಾಯ್ತು ಅಷ್ಟೇ" ಎಂದಳು.

ನೀನು ಎಂದಾದರೂ ಹಡಗು ಹತ್ತಿದರೆ ಕೊಕ್ಕೆ, ಸೀಗಡಿ ಎಲ್ಲ ಮರೆತರೂ ಪರವಾಗಿಲ್ಲ. ಮಾತ್ರೆ ಮೈಮೇಲಿರಲಿ, ಬಾಗಿಲಿಗೆ ಸಿಕ್ಕಿಸಿದ ಹಾಳೆ ಓದು, ಎಲ್ಲ ಬಲ್ಲೆ ಎನ್ನುವ ಮುದುಕನ ಹಿಂದೆ ಹೋಗಬೇಡ. ಮಕ್ಕಳಿಗೆ ನನ್ನ ಮುತ್ತು, ನಿನ್ನ ಗಂಡನಿಗೆ ನನ್ನ ನೆನಪು, ನಾಯಿಯ ಬೆನ್ನು ಕೆರೆದುಬಿಡು. ನೀನು ಸುಖವಾಗಿರು. ಸೋಮವಾರ ವಿಮಾನ ನಿಲ್ದಾಣದಲ್ಲಿ ನನ್ನ ಮುಖ ನೋಡದಿದ್ದರೂ ಸರಿ, ಅಮ್ಮನಿಗೆ ಗಾಲಿಕುರ್ಚಿ ಹೇಳಿಡು.

ನಿನ್ನ ತಪ್ಪಿತಸ್ಥ ಮಾವ,
ಕ್ಲೆಮ್

ತಾಜಾಕಲಂ: ಗಂಡಹೆಂಡತಿ ಬಾಗಿಲಲ್ಲಿ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅಕ್ಕ ಕಾಗದ ಕಿತ್ತುಕೊಂಡು ಓದಿದಳು. "ಇಪ್ಪತ್ತಾ? ನನ್ನ ಮುಂದೆ ಕೂತು ಇಪ್ಪತ್ತು ಅಂತ ಬರೀತೀಯಾ? ಅವಳು ಬಿಲ್ಲು ನೋಡೋ ಮೊದಲು ನೀನೇ ಹೇಳು" ಎಂದು ಪೆನ್ನು ಕೈಗೆ ತುರುಕಿದಳು. ಅಮ್ಮನ ಚಹಾಕ್ಕೆ, ತಲೆಗೂದಲು ಮಾಡಿಸಿಕೊಳ್ಳಲಿಕ್ಕೆ ಎಂದು ಹೊರಡುವಾಗ ನೀನು ನಿನ್ನ ಕಾರ್ಡನ್ನು ನಮ್ಮ ಕ್ಯಾಬಿನ್ನಿನ ಲೆಕ್ಕಕ್ಕೆ ಸೇರಿಸಿದ್ದೆಯಲ್ಲ. ಒಂದೇ ಕ್ಯಾಬಿನ್ ಆದ್ದರಿಂದ ನನ್ನ ಕೀಲಿ ಕಾರ್ಡೂ ಅದೇ ಲೆಕ್ಕಕ್ಕೆ ಸೇರಿತ್ತು. ಜೂಜಿನ ಯಂತ್ರ ಅದನ್ನೇ ನುಂಗುತ್ತದೆ. ನನಗದು ಗೊತ್ತಿತ್ತು. ಸ್ವಲ್ಪ ಹೊತ್ತೂ ಅಲ್ಲ, ಊಟದಿಂದ ಆ ಕೋಣೆಯ ಬಾಗಿಲು ಹಾಕುವವರೆಗೂ ಕೂತಿದ್ದೆ. ಮುಂದಿನ ವರ್ಷದ ಪಯಣಕ್ಕೆ ಕಟ್ಟಿದ್ದ ಮುಂಗಡ ವಾಪಸ್ ಕೇಳುತ್ತೇನೆ, ಅದು ಸಾಲದು. ನಿನ್ನ ಕಾರ್ಡಿನಿಂದ ಹೋಗಿದ್ದು ಎರಡು ಸಾವಿರದ ಒಂಬೈನೂರ ನಲವತ್ತು ಡಾಲರ್.