ಲಾರ್ಡ್ ಬ್ರೆನ್‌ಫೀಲ್ಡನ ಕುದುರೆಗಳು

ನ್ಯೂ ಬ್ರನ್ಸ್‌ವಿಕ್, ನ್ಯೂ ಜೆರ್ಸಿ
೯ ಜನವರಿ ೧೯೭೨, ಭಾನುವಾರ

ಪ್ರೀತಿಯ ಅಪ್ಪಾಜಿಯವರಿಗೆ ನಿರುಪಮಾಳ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಮೈಸೂರಿನಲ್ಲಿ ಈಗ ಚಳಿ, ಬೆಳಿಗ್ಗೆ ಮಫ್ಲರ್ ಇಲ್ಲದೆ ಹೊರಗೆ ಹೋಗಬೇಡಿ. ಅಮ್ಮ ಪ್ರತಿ ಕಾಗದದ ಕೊನೆಗೆ ‘ನಿಮ್ಮ ಅಪ್ಪಾಜಿ ಆಶೀರ್ವಾದ ತಿಳಿಸಿದ್ದಾರೆ’ ಎಂದು ಬರೆಯುತ್ತಾರೆ. ಅದು ಅವರ ಸ್ವಂತ ಸೇರ್ಪಡೆ ಎಂದು ನನಗೆ ಗೊತ್ತು. ನೀವೇ ಹೇಳಿ ಬರೆಸಿದ್ದರೆ ಜೊತೆಗೆ ಒಂದು ಬೈಗುಳವಾದರೂ ಇರುತ್ತಿತ್ತು. ನಿಮ್ಮ ಕೈಬರಹ ನೋಡಿ ಹದಿನಾರು ತಿಂಗಳಾಯಿತು.

ನಾನು ಆರೋಗ್ಯವಾಗಿದ್ದೇನೆ. ಹೊರಗೆ ಮೊಣಕಾಲುದ್ದ ಹಿಮ. ಶುಕ್ರವಾರ ಸಂಜೆ ಲೈಬ್ರರಿಯಿಂದ ಬಂದವಳು ಇವತ್ತಿನವರೆಗೆ ಯಾರೊಡನೆಯೂ ಮಾತಾಡಿಲ್ಲ. ನಿನ್ನೆ ರೈಲು ಹತ್ತಿ ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂನ ಇಂಡಿಯನ್ ಅಂಗಡಿಗೆ ತೊಗರಿಬೇಳೆ ತರಲು ಹೋಗಬೇಕೆಂದಿದ್ದೆ. ಬೇಳೆ ಮನೆಯಲ್ಲೇ ಇದೆ, ಅಂಗಡಿಯವರ ಹತ್ತಿರ ನಾಲ್ಕು ಮಾತಾಡಲು ಅದೊಂದು ನೆಪ. ಹಿಮ ಬಿದ್ದು ಅದೂ ತಪ್ಪಿತು. ಇಲ್ಲಿ ತುಂಬ ಒಂಟಿ ಎನಿಸುತ್ತದೆ, ಅಪ್ಪಾಜಿ.

ಸದ್ಯಕ್ಕೆ ನನ್ನ ಜೊತೆಗಾರ ಲಾರ್ಡ್ ಬ್ರೆನ್‌ಫೀಲ್ಡ್ ಒಬ್ಬನೇ. ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧವಾದಾಗ ರಾಜನ ಕುದುರೆ ಪಡೆಗೆ ನಾಯಕನಾಗಿದ್ದ ದೊಡ್ಡ ಜಮೀನ್ದಾರ. ನನ್ನ ಪ್ರಬಂಧ ಅವನ ಮೇಲೆಯೇ. ಒಂದು ಕಾಳಗದಲ್ಲಿ ಅವನು ಎದುರು ಸಾಲನ್ನು ಮುರಿದು, ಎರಡು ಮೈಲಿ ಅಟ್ಟಿಸಿಕೊಂಡು ಹೋದ. ತಿರುಗಿ ಬರುವ ಹೊತ್ತಿಗೆ ಹಿಂದೆ ಬಿಟ್ಟಿದ್ದ ಕಾಲಾಳುಗಳು ಸತ್ತುಬಿದ್ದಿದ್ದರು. ಶತ್ರುಗಳ ಸಾಮಾನಿನ ಗಾಡಿ ಲೂಟಿ ಮಾಡಲು ಹೋದ ಎನ್ನುತ್ತಾರೆ ನಮ್ಮ ಪ್ರೊಫೆಸರು. ಅವರು ಹುಟ್ಟಿದಮೇಲೆ ಕತ್ತೆಯನ್ನೂ ಹತ್ತಿದವರಲ್ಲ. ಇಳಿಜಾರು, ಉತ್ತ ಒದ್ದೆ ನೆಲ, ಕುದುರೆಗಳು ಮಾತು ಕೇಳಲಿಲ್ಲ ಎಂದು ನಾನು ಬರೆದೆ. ಆಧಾರವೇನು ಎಂದು ಕೇಳಿದರು. ‘ನಮ್ಮ ಅಪ್ಪಾಜಿ’ ಎಂದೆ. ಪೆರೇಡ್ ಮೈದಾನದಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನೀವು ಹೇಳುತ್ತಿದ್ದಿರಿ: “ಓಡ್ಸೋದೇನು, ಯಾರು ಬೇಕಾದ್ರೂ ಓಡಿಸ್ತಾರೆ ಅಮ್ಮಣ್ಣಿ. ನೂರು ಕುದುರೆ ಒಟ್ಟಿಗೆ ಓಡ್ತಿರುವಾಗ ನಿಲ್ಸು ನೋಡಾಣ!”

ಯುದ್ಧ ಸೋತು, ರಾಜನ ತಲೆಯೂ ಹೋದಮೇಲೆ ಬ್ರೆನ್‌ಫೀಲ್ಡ್ ಫ್ರಾನ್ಸಿಗೆ ಓಡಿದ. ಬಾಡಿಗೆ ಕೋಣೆಯಲ್ಲಿದ್ದು ವ್ಯಾಪಾರಿಗಳ ಮಕ್ಕಳಿಗೆ ಸವಾರಿ ಕಲಿಸಿದ. ಕ್ಷಮೆ ಕೇಳಿದರೆ ಜಮೀನು ವಾಪಸು ಕೊಡುತ್ತೇವೆಂದು ಪಾರ್ಲಿಮೆಂಟಿನವರು ಹೇಳಿದರೂ ಕೇಳದೆ ಅಲ್ಲೇ ಸತ್ತ. ಎಂಥ ಹಟಮಾರಿ ಎಂದು ಮೊದಲು ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಮಹಾರಾಜರುಗಳಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ನಿಂತ ಸುದ್ದಿ ಇಲ್ಲಿನ ಪತ್ರಿಕೆಯಲ್ಲಿ ಬೆರಳಗಲ ಬಂದಿತ್ತು. ಓದಿದ ತಕ್ಷಣ ನಿಮ್ಮ ಮುಖವೇ ಕಣ್ಣೆದುರು ಬಂತು. ಅದು ನಿಲ್ಲಬೇಕಾದದ್ದೇ ಎಂದು ಈಗಲೂ ವಾದಿಸುತ್ತೇನೆ, ಅದರಲ್ಲಿ ಸೋಲುವುದಿಲ್ಲ. ಆದರೆ ಹೊರಡುವ ಹಿಂದಿನ ದಿನ ಆ ವಾದದ ಭರದಲ್ಲಿ, ಕೃಷ್ಣಸ್ವಾಮಿ ಮಾವನವರ ಎದುರಿಗೇ, “ಇಪ್ಪತ್ತೆರಡು ವರ್ಷ ಅರಮನೆ ಕುದುರೆ ಹತ್ತಿ ನಿಮಗೇನು ಸಿಕ್ತು, ಮಂಡಿನೋವು ತಾನೆ” ಎಂದುಬಿಟ್ಟೆ. ನೀವು ಎದ್ದು ಒಳಗೆ ಹೋದಿರಿ. ಮರುದಿನ ಸ್ಟೇಷನ್ನಿಗೆ ಬರಲಿಲ್ಲ. ಆ ಮಾತು ನಾನು ಆಡಬಾರದಿತ್ತು.

ಈಗ ಒಂದು ಉಪಕಾರವಾಗಬೇಕು. ಓಡುವ ಪಡೆಯನ್ನು ನಿಲ್ಲಿಸಿ ತಿರುಗಿಸಲು ಎಷ್ಟು ದೂರ ಬೇಕು, ಒದ್ದೆ ನೆಲದಲ್ಲಿ ಎಷ್ಟು ಎಂದು ನಿಮ್ಮ ಕೈಯಾರೆ ಬರೆದು, ಕೆಳಗೆ ಕುದುರೆ ಪಡೆಯಲ್ಲಿ ನಿಮಗಿದ್ದ ಹುದ್ದೆ ಹಾಕಿ ‘ರಿಸಾಲ್ದಾರ್’ ಎಂದು ಸಹಿ ಮಾಡಿ ಕಳಿಸಿ. ಅದನ್ನು ನೋಡದೆ ಪ್ರೊಫೆಸರು ಈ ಅಧ್ಯಾಯ ಒಪ್ಪುವುದಿಲ್ಲವಂತೆ.

ಅಮ್ಮನಿಗೂ ಮಾವನವರಿಗೂ ನಮಸ್ಕಾರ ತಿಳಿಸಿ.

ನಿಮ್ಮ
ಅಮ್ಮಣ್ಣಿ

ವಿ.ಸೂ.: ಕಾಗದ ಅಂಟಿಸುವ ಮುಂಚೆ ಎರಡು ಸಾಲು. ಮೇಲೆ ಸುಳ್ಳು ಬರೆದಿದ್ದೇನೆ. ಪ್ರೊಫೆಸರು ಆ ಅಧ್ಯಾಯವನ್ನು ಮಂಗಳವಾರವೇ ಒಪ್ಪಿದರು, ಅವರಿಗೆ ನಿಮ್ಮ ಕಾಗದ ಬೇಕಿಲ್ಲ. ನನಗೆ ಬೇಕು. ಕುದುರೆ ವಿಷಯ ಇಲ್ಲದಿದ್ದರೂ ಸರಿ, ಬರೀ ಬೈಗುಳವಾದರೂ ಸರಿ, ಬರೆಯಿರಿ ಅಪ್ಪಾಜಿ.