ದೋಣಿ ಬರುವ ಪುಟ

ಆಂಜೆ,
೧೯ ಮಾರ್ಚ್ ೧೯೧೧

ಪ್ರೀತಿಯ ತಮ್ಮ ಆನ್ಸೆಲ್ಮ್‌ಗೆ,

ಅಕ್ಕನ ಆಶೀರ್ವಾದಗಳು. ಪ್ಯಾರಿಸ್ ತಲುಪಿದ ಮೇಲೆ ನೀನು ಬರೆದ ಎರಡೂ ಪತ್ರಗಳು ಬಂದಿವೆ. ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ. ಕೋಪದಲ್ಲಿ ಬರೆದರೆ ನನ್ನ ಅಕ್ಷರ ಕೆಡುತ್ತದೆಂದು ಕಾದೆ. ಕೋಪ ಇಳಿಯುವ ಲಕ್ಷಣ ಕಾಣದ್ದರಿಂದ ಈಗ ಬರೆಯುತ್ತಿದ್ದೇನೆ.

ನಿನ್ನ ಗೀತಮಾಲಿಕೆ ಅಚ್ಚಿಗೆ ಹೋಗುವ ಮುನ್ನ ಅದರ ಕೊನೆಯ ಪುಟವನ್ನು, ಅಂದರೆ ಕಂಠ ನಿಂತ ಮೇಲೆ ಪಿಯಾನೊ ಒಂದೇ ನುಡಿಯುವ ಭಾಗವನ್ನು, ತೆಗೆದುಹಾಕಲು ಮದಾಮ್ ಬೆರಾರ್ ಹೇಳಿದ್ದಾಳೆಂದು ಬರೆದು, ನನ್ನ ಅಭಿಪ್ರಾಯ ಕೇಳಿದ್ದೀಯೆ. ಅವಳು ಅದನ್ನು ಹಾಡಿದವಳೇ ಹೊರತು ರಚಿಸಿದವಳಲ್ಲ. ಇದೇ ನನ್ನ ಅಭಿಪ್ರಾಯ.

ಕಚೇರಿಗೆ ಮುಂಚಿನ ಅಭ್ಯಾಸದಲ್ಲಿ ಅವಳಿಗೆ ಪಿಯಾನೊ ನುಡಿಸುತ್ತಾ ನಾನು ಪಟ್ಟ ಪಾಡು ನಿನಗೆ ತಿಳಿಯದು. ಮೂರನೆಯ ಹಾಡಿನ ಶ್ರುತಿಯನ್ನು ಮಾತ್ರ ಇಳಿಸಬೇಕಂತೆ! ಒಂದನ್ನು ಇಳಿಸಿದರೆ ಎಲ್ಲವನ್ನೂ ಇಳಿಸಬೇಕಾಗುತ್ತದೆ ಎಂದೆ.

"ಅಯ್ಯೋ ಬಿಡಿ ಯೂಲಾಲಿ ಮೇಡಂ, ಶ್ರುತಿ ಕೇಳೋಕೆ ಯಾರ್ ಬರ್ತಾರೆ? ಜನ ಬರೋದು ನನ್ನ ಗಂಟಲಿಗೆ, ಹೊಸ ಗೌನಿಗೆ," ಎಂದಳು.

ಕೊನೆಯ ಪುಟ ಬಂದೊಡನೆ ಶಾಲು ಹೊದ್ದು ಮಿಠಾಯಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. "ಇನ್ನೂ ಮುಗೀಲಿಲ್ವಾ? ನಾನು ಬಾಯಿ ಮುಚ್ಚಿದ ಮೇಲೆ ನೀವು ಯಾರಿಗೆ ನುಡಿಸ್ತೀರಿ?"

ನದಿಯ ದಡದಲ್ಲಿ ಕಾದು ಕಾದು ಹಾಡಿನೊಳಗಿನ ಹೆಂಗಸು ಮೌನವಾದ ಮೇಲೆ ದೋಣಿ ಬರುವುದೇ ಆ ಪುಟದಲ್ಲಿ. ಅದನ್ನು ತೆಗೆದರೆ ದೋಣಿ ಬರಲೇ ಇಲ್ಲವೆಂದಾಗುತ್ತದೆ ಎಂದು ಚಿಕ್ಕ ತರಗತಿಗೆ ಹೇಳುವಂತೆ ಹೇಳಿದೆ.

"ಹಂಗಾದ್ರೆ ದೋಣಿಗೆ ಸ್ವಲ್ಪ ಬೇಗ ಬರೋಕೆ ಹೇಳಿ. ನಂಗೆ ಹಸಿವಾಗತ್ತೆ."

"ಶಾಲು ಕೆಳಗಿಡಿ. ನೀವಿನ್ನೂ ದಡದಲ್ಲೇ ಇದ್ದೀರಿ," ಎಂದು ಗದರಿದೆ.

ಸಂಗೀತ ಕಚೇರಿಯ ಸಂಜೆ ಅವಳು ಅಲುಗಾಡದೆ ನಿಂತಳು, ಅಷ್ಟನ್ನು ಒಪ್ಪಲೇಬೇಕು. ಕಂಠ ನಿಂತಿತು. ನನ್ನ ಪಿಯಾನೊದಲ್ಲಿ ದೋಣಿ ಹೊರಟಿತು. ನದಿಯ ನಡುವಿಗೂ ಬಂದಿರಲಿಲ್ಲ, ಮುಂದಿನ ಸಾಲಿನಿಂದ ಚಪ್ಪಾಳೆ! ಸಭೆಯೆಲ್ಲ ಎದ್ದಿತು, ಅವಳು ಬಾಗಿ ವಂದಿಸಿದಳು, ಹೂಗುಚ್ಛಗಳು ಬಂದವು. ಆ ಗದ್ದಲದೊಳಗೆ ನಾನು ಕೊನೆಯ ಸ್ವರದವರೆಗೂ ನುಡಿಸಿದೆ. ಆಮೇಲೆ ಔಷಧಿ ಅಂಗಡಿಯ ಪೆಲ್ಲರಿನ್ ಬಂದು, "ಹಾಡು ಮುಗಿದ್ಮೇಲೂ ಏನೋ ನುಡಿಸ್ತಾ ಇದ್ರಲ್ಲ ಮೇಡಂ, ಜನ ಬೇಗ ಮನೆಗೆ ಹೋಗ್ಲಿ ಅಂತಾನಾ?" ಎಂದು ಕೇಳಿದ. ನಾನು ಜೀವಮಾನವಿಡೀ ಸಂಗೀತ ಕಲಿಸಿದ ಊರು ಇದು!

ಆದ್ದರಿಂದ ಆ ಪುಟ ಅಚ್ಚಾಗಲೇಬೇಕು. ತೆಗೆಯುವುದಾದರೆ ಮೊದಲ ಪುಟದಲ್ಲಿ "ಅಕ್ಕನಿಗೆ" ಎಂದಿರುವ ಅರ್ಪಣೆಯನ್ನೂ ತೆಗೆ.

ಎದೆಗೆ ಥಂಡಿ ತಾಗದಂತೆ ನೋಡಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತು ನಿನ್ನ ಅಕ್ಕ,
ಯೂಲಾಲಿ

ಮರೆತ ವಿಷಯ: ಮೊದಲು ಚಪ್ಪಾಳೆ ತಟ್ಟಿದವರು ಯಾರೆಂದು ಊರಿನವರು ಕೇಳುತ್ತಾರೆ. ದೀಪದ ಬೆಳಕಿಗೆ ಕಾಣಲಿಲ್ಲ ಎನ್ನುತ್ತೇನೆ. ಕಂಡಿತ್ತು, ಆನ್ಸೆಲ್ಮ್. ಅವಳ ಮುಖವನ್ನೇ ನೋಡುತ್ತಾ ನೀನು ಎದ್ದು ನಿಂತೆ. ನಾನಿನ್ನೂ ನಿನ್ನ ಸಂಗೀತವನ್ನೇ ನುಡಿಸುತ್ತಿದ್ದೆ.