ಬೆರ್ನೋನ ಹೆಸರಿರುವ ಸಾಲು

ಮ್ಯೂಸ್ ನದಿಯ ದಡದ ಮಠದೂರು
ಸಂತ ಮಾರ್ಟಿನರ ಹಬ್ಬ ಕಳೆದ ಮೂರನೆಯ ದಿನ

ಮಗ ವಾರಿನ್‌ಗೆ, ದೇವರ ಕೃಪೆ ನಿನ್ನ ಮೇಲಿರಲಿ.

ಸುಗ್ಗಿಗೆ ಮುಂಚೆ ಬಂದ ನಿನ್ನ ಓಲೆಗೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಬರೆಯಲು ತೊಗಲಿರಲಿಲ್ಲ. ಪುಸ್ತಕಕ್ಕೆ ಕತ್ತರಿಸಿ ಉಳಿದ ಈ ತುಂಡನ್ನು ಮುದುಕರಾದ ಫುಲ್ಕೋ ಸ್ವಾಮಿಗಳು ಕೊಟ್ಟರು. ನಮ್ಮೂರ ಪಾದ್ರಿ ಕಲಿಸಿದ ನಾಲ್ಕಕ್ಷರ ಇಷ್ಟಕ್ಕಾದರೂ ಬಂತು. ಹಂದಿಗಳು ಓಕ್ ಕಾಯಿ ತಿಂದು ಕೊಬ್ಬಿವೆ. ರೈ ಹಿಟ್ಟಿಗೆ ಮಾತ್ರ ಈ ವರ್ಷ ಮುಗ್ಗಲು ವಾಸನೆ.

ನಿನ್ನ ಆ ಸಾಲನ್ನು ಊರೆಲ್ಲ ಹೊಗಳುತ್ತದೆ. ವರ್ಷಕ್ಕೊಂದು ಸಾಲು ಬರೆದಿಡುವ ಮಠದ ಪುಸ್ತಕದಲ್ಲಿ ನೀನು ಬರೆದೆಯಲ್ಲ, ರಾಜರ ಮೇಲೆ ತಿರುಗಿ ಬಿದ್ದ ಮಾಗಿನಾರ್ ದೊರೆಯೂ ಅವನ ಹನ್ನೆರಡು ಜನರೂ ದೇವರ ತೀರ್ಪಿನಿಂದ ನದಿಯಲ್ಲಿ ಮುಳುಗಿ ಸತ್ತರು ಎಂದು. ಅದನ್ನು ಓದಿಸಿ ಕೇಳಿಯೇ ರಾಜರು ನಿನ್ನನ್ನು ಅರಮನೆಗೆ ಕರೆಸಿಕೊಂಡರಂತೆ. ಆ ಸಾಲಿನಲ್ಲಿ ಹೆಸರಿರುವ ಹನ್ನೆರಡರಲ್ಲಿ ನಿನ್ನ ತಮ್ಮ ಬೆರ್ನೋನೂ ಇದ್ದ. ಹೋಗುವ ಮುಂಚೆ ಅವನ ಹೆಸರನ್ನು ನೀನೇ ಸತ್ತವರ ಪಟ್ಟಿಗೆ ಸೇರಿಸಿದೆ. ಪ್ರತಿ ಭಾನುವಾರ ಪೂಜೆಯಲ್ಲಿ ಅದನ್ನು ಓದುತ್ತಾರೆ.

ಸುಗ್ಗಿಯ ನಂತರ ಒಂದು ಸಂಗತಿ ನಡೆಯುತ್ತಿದೆ. ಫುಲ್ಕೋ ಸ್ವಾಮಿಗಳು ಬೆರ್ನೋ ಎಂದು ಓದಿದ ಕೂಡಲೇ ಬಾಗಿಲ ಕಡೆಯಿಂದ, “ಇಲ್ಲೇ ಇದೀನಿ” ಎಂದು ಕೇಳಿಸುತ್ತದೆ. ಜೋರಾಗಿ ಅಲ್ಲ. ಊಟಕ್ಕೆ ಕರೆದಾಗ ಕೊಟ್ಟಿಗೆಯಿಂದ ಓಗೊಡುತ್ತಿದ್ದನಲ್ಲ, ಹಾಗೆ.

“ಗಾಳಿ ಕಣೇ ರೊಟ್ಲಿಂದಾ, ಆ ಬಾಗ್ಲು ಯಾವತ್ತು ಸರಿಯಾಗಿ ಕೂತಿದೆ?” ಎಂದಳು ಪಕ್ಕದ ಮನೆಯ ಗಿಸ್ಲಾ.

“ಗಾಳಿಗೆ ನನ್ ಮಗನ ಗಂಟಲು ಎಲ್ಲಿಂದ ಬಂತೇ?” ಎಂದೆ.

ಅದರ ಮರುವಾರದಿಂದ ಅವಳು ನನ್ನ ಪಕ್ಕ ನಿಲ್ಲುತ್ತಿಲ್ಲ. ಹೋದ ಭಾನುವಾರ ಫುಲ್ಕೋ ಸ್ವಾಮಿಗಳು ಹೆದರಿ ಆ ಹೆಸರನ್ನೇ ಬಿಟ್ಟು ಮುಂದಿನದು ಓದಿದರು. ಆಗ ಬಾಗಿಲ ಕಡೆಯಿಂದ, “ನನ್ ಹೆಸ್ರು?” ಎಂದು ಕೇಳಿತು.

ಪುಸ್ತಕದ ತೊಗಲಿನಿಂದ ಆ ಸಾಲನ್ನು ಚಾಕುವಿನಲ್ಲಿ ಕೆರೆಸಿ ಅಳಿಸಿ ಎಂದು ಮಠಾಧಿಪತಿಗಳ ಕಾಲು ಹಿಡಿದೆ. “ರಾಜ್ರು ಒಪ್ಪಿದ ಸಾಲಮ್ಮ ಅದು. ನಾನು ಕೆರೆದ್ರೆ ಮಠದ ಜಮೀನೂ ಕೆರ್ಕೊಂಡು ಹೋಗುತ್ತೆ. ಬರೆದೋನೇ ಬಂದು ಕೆರೀಲಿ ಬಿಡು” ಎಂದರು. ಅದಕ್ಕೇ ಬೇಡುತ್ತಿದ್ದೇನೆ ಮಗನೇ, ರಾಜರ ಅಪ್ಪಣೆ ಕೇಳಿಕೊಂಡು ಬಾ. ಚೂಪಾದ ಚಾಕು ತಾ. ಆ ಸಾಲು ಅಳಿಯದೆ ಅವನು ಮಲಗುವುದಿಲ್ಲ.

ಮೈ ಬೆಚ್ಚಗಿಟ್ಟುಕೋ. ಉಪವಾಸ ಅತಿ ಮಾಡಬೇಡ. ಸಂತ ಮಾರ್ಟಿನರು ನಿನ್ನ ಕೈಯನ್ನು ಕಾಯಲಿ.

ನಿನ್ನ ತಾಯಿ
ರೊಟ್ಲಿಂದ

ಮತ್ತೆ: ಇದನ್ನು ಬರೆಯಬಾರದೆಂದಿದ್ದೆ. ಸುಗ್ಗಿಯಲ್ಲಿ ಒಂದು ನಡುಮಧ್ಯಾಹ್ನ ಬೆರ್ನೋ ಮನೆಗೆ ಬಂದಿದ್ದ. ಮಂಡಿಯವರೆಗೆ ಕೆಸರು, ಪಕ್ಕೆ ಒತ್ತಿ ಹಿಡಿದಿದ್ದ. “ಅವ್ವಾ, ಬಾಗ್ಲು ತೆಗಿ. ಇಲ್ಲೇ ಇದೀನಿ” ಎಂದ. ಸತ್ತವನು ಎದ್ದು ಬಂದನೆಂದು ಶಿಲುಬೆಯನ್ನು ಎದೆಗೊತ್ತಿಕೊಂಡು ಅಗುಳಿ ಹಾಕಿದೆ. ನೀನು ಬರೆದಿದ್ದೆ, ಮಠ ಓದಿತ್ತು. ಅವನ ದನಿಗಿಂತ ನಿನ್ನ ಅಕ್ಷರವನ್ನು ನಂಬಿದೆ. ಸಂಜೆ ತೆಗೆದು ನೋಡಿದರೆ ಹೊಸಿಲ ಮೇಲೇ ಬಿದ್ದಿದ್ದ. ಕೈ ಇನ್ನೂ ಬೆಚ್ಚಗಿತ್ತು. ಸೇಬಿನ ಮರದ ಕೆಳಗೆ ನಾನೊಬ್ಬಳೇ ಹೂತೆ. ಕೆರೆದ ಜಾಗದಲ್ಲಿ ನದಿಯ ಹೆಸರು ಬರೆಯಬೇಡ ವಾರಿನ್. ತಾಯಿಯ ಹೊಸಿಲ ಮೇಲೆ ಸತ್ತ ಎಂದು ಬರೆ.